‘ಕುರಿ ಮಮದಾಪುರ’ ನಂಬರು

ವಿದ್ಯಾಳ ಬಳಿ ಬಿಳಿ ಕೋಟು ಇರಲಿಲ್ಲ. ಗೋಕಾಕದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿ ಹದಿನೆಂಟು ದಿನವಾಗಿತ್ತು. ಕೋಟಿಲ್ಲದವರು ಲ್ಯಾಬಿನ ಹೊರಗೆ ನಿಲ್ಲಬೇಕೆಂಬುದು ಅಲ್ಲಿಯ ನಿಯಮ. ಅವಳು ಐದು ಸಲ ನಿಂತಿದ್ದಳು. ಕೋಟಿನ ಬೆಲೆ ಆರುನೂರ ಐವತ್ತು.

ಹಣ ಇರಬೇಕಿತ್ತು. ಮನೆ ನಡೆಸುವ ಹೆಂಗಸಿಗೆಂದು ಸರ್ಕಾರ ಹಾಕುವ ಎರಡು ಸಾವಿರ ತಾಯಿ ವಿಜಯಲಕ್ಷ್ಮಿಯ ಖಾತೆಗೆ ಹಿಂದಿನ ವಾರ ಬಂದಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ತಾಯಿ ಮಗಳು ಮಮದಾಪುರದಿಂದ ಬಸ್ಸು ಹಿಡಿದು ಗೋಕಾಕಕ್ಕೆ ಬಂದು ಎಟಿಎಂ ಮುಂದೆ ನಿಂತರು. ಮುನ್ನೂರ ಎಂಬತ್ತು ಉಳಿದಿದೆ ಎಂದು ಯಂತ್ರ ತೋರಿಸಿತು.

“ಯಾರ್ ತಗದ್ರು? ಕಾರ್ಡ್ ನನ್ನ ಕುಬಸದಾಗನ ಐತಿ” ಎಂದಳು ವಿಜಯಲಕ್ಷ್ಮಿ.

ಬ್ಯಾಂಕಿನೊಳಗೆ ಹೋಗಿ ಪಾಸ್‌ಬುಕ್ ಅಚ್ಚು ಹಾಕಿಸಿದರು. ಎರಡು ಪುಟದ ತುಂಬ ಸಣ್ಣ ಸಣ್ಣ ಕಡಿತಗಳು. ನಲವತ್ತೊಂಬತ್ತು, ಎಂಬತ್ತೊಂಬತ್ತು, ತೊಂಬತ್ತೊಂಬತ್ತು, ಮತ್ತೆ ಎಂಬತ್ತೊಂಬತ್ತು. ಕೌಂಟರಿನಲ್ಲಿದ್ದವನು ಪಾಸ್‌ಬುಕ್ಕನ್ನು ಒಮ್ಮೆ ನೋಡಿ ವಾಪಸು ತಳ್ಳಿದ.

“ಯಾರೂ ಕದ್ದಿಲ್ರಿ ಅವ್ವಾರ. ನಿಮ್ಮ ಮನ್ಯಾಗಿನವ್ರ ಯಾರೋ ಹೂಂ ಅಂದಾರ. ಒಮ್ಮೆ ಹೂಂ ಅಂದ್ರ ತಿಂಗಳಾ ತಿಂಗಳಾ ತಾನ ಕಟ್ ಆಗತೈತಿ. ಮೊಬೈಲ್‌ದಾಗ ಬಂದ್ ಮಾಡ್ಕೋರಿ.”

“ನಾ ಯಾರಿಗೂ ಹೂಂ ಅಂದಿಲ್ರಿ.”

“ಮುಂದಿನವ್ರು ಬರ್ರಿ.”

ಸಂತೆಯಲ್ಲಿ ಟೊಮೆಟೊ ಕೊಳ್ಳಬೇಕಿತ್ತು. ಕೊಳ್ಳದೆ ಬಂದರು.

ಭಾನುವಾರ ಮಧ್ಯಾಹ್ನ ಅಣ್ಣ ಯಲ್ಲೇಶ ಮನೆಯಲ್ಲಿದ್ದ. ಅವನು ಮೂಡಲಗಿಯ ಒಂದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ತಂದೆ ಕರೆಪ್ಪ ನೂರ ಎಂಬತ್ತು ಕುರಿಗಳ ಜೊತೆ ಮಳೆ ಕಡಿಮೆ ಇರುವ ಕಡೆ ಹೋಗಿ ತಿಂಗಳಾಗಿತ್ತು. ಹೀಗಾಗಿ ಊಟಕ್ಕೆ ಕುಳಿತವರು ನಾಲ್ವರೇ. ಕರೆಪ್ಪನ ತಾಯಿ ಫಕೀರವ್ವ ಗೋಡೆಗೆ ಒರಗಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸುತ್ತಿದ್ದಳು.

ವಿದ್ಯಾ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಲ್ಲ ಕಡಿತಗಳನ್ನೂ ಬರೆದುಕೊಂಡಿದ್ದಳು. ಅದನ್ನು ಪಲ್ಯದ ಬೋಗುಣಿಯ ಪಕ್ಕ ಇಟ್ಟಳು.

“ಎರಡನೂರ ತೊಂಬತ್ತೊಂಬತ್ತು. ಕ್ರಿಕೆಟ್ ನೋಡೋದು. ಇದು ನಿಂದು.”

“ಮನಷ್ಯಾ ಅಂದಮ್ಯಾಲ ಒಂದ್ ಮ್ಯಾಚ್ ನೋಡಬಾರ್ದೇನ?” ಎಂದ ಯಲ್ಲೇಶ.

“ನೋಡು. ಅವ್ವನ ಖಾತ್ಯಾಗ ಯಾಕ್ ನೋಡ್ತಿ?”

“ನನ್ನ ಖಾತ್ಯಾಗ ರೊಕ್ಕ ನಿಂದ್ರಾಂಗಿಲ್ಲ. ಬಿದ್ದ ಕೂಡ್ಲೆ ಬೈಕಿನ ಕಂತಿನವ್ರು ಎಳಕೋತಾರ.”

“ಇದು ಎಂಬತ್ತೊಂಬತ್ತು. ವಾರಕ್ಕೊಮ್ಮೆ. ತಿಂಗಳಿಗೆ ನಾಕ್ ಸಲ.”

ಯಲ್ಲೇಶ ರೊಟ್ಟಿ ಮುರಿದ. “ಗೇಮ್.”

“ಏನ್ ಗೇಮೋ?”

“ಕುದರಿ ಓಡ್ಸೋದು.”

“ಎಮ್ಮಿ ಬಿಚ್ಚಿ ಹೊರಗ ಕಟ್ಟೋ ಅಂದ್ರ ಏಳಾಂಗಿಲ್ಲ, ಕುದರಿ ಓಡಸತಾನಂತ” ಎಂದಳು ಫಕೀರವ್ವ.

ಮುಂದಿನದು ವಿಜಯಲಕ್ಷ್ಮಿಯದಾಗಿತ್ತು. ನಲವತ್ತೊಂಬತ್ತು, ಹಾಡು.

“ಯಾವ ಹಾಡು? ನಾ ಒಂದರ ಹಾಡು ಕೇಳೇನೇನ ಈ ಮನ್ಯಾಗ?”

“ನಿನಗ ಯಾರರ ಫೋನ್ ಹಚ್ಚಿದ್ರ ಅವ್ರಿಗೆ ಕೇಳಸ್ತೈತಲ್ಲ, ಆ ಹಾಡು. ಯಾವಾಗೋ ಒಂದ್ ನಂಬರ್ ಒತ್ತಿ ನೀ.”

“ಅವ್ರು ಕೇಳಾಕ ನಾ ಯಾಕ್ ರೊಕ್ಕಾ ಕೊಡ್ಲಿ? ಕೇಳಿದವ್ರು ಕೊಡ್ಲಿ.”

“ಬಂದ್ ಮಾಡ್ತೇನಿ ಹಂಗಾರ.”

ವಿಜಯಲಕ್ಷ್ಮಿ ಎಲ್ಲರಿಗೂ ಸಾರು ಬಡಿಸಿದಳು. “ಇರ್ಲಿ ತಗೋ. ನಮ್ಮಕ್ಕ ಶಂಕ್ರವ್ವ ಹಾಡು ಚಲೋ ಐತಿ ಅಂದಿದ್ಲು.”

“ಅವ್ವಾ, ವರ್ಷಕ್ಕ ಆರನೂರ ಆಗತೈತಿ.”

“ಇರ್ಲಿ ಅಂದ್ನೆಲ್ಲ. ನಂದ ಒಂದ ಕಾಣಸ್ತೈತಿ ಎಲ್ಲಾರಿಗೂ.”

ಟಿವಿ ಡಿಶ್ಶಿಗೆ ಮುನ್ನೂರ ನಲವತ್ತು. ಅದನ್ನು ಓದುವ ಮೊದಲೇ ವಿಜಯಲಕ್ಷ್ಮಿ ಸೌಟು ಕೆಳಗಿಟ್ಟಳು. “ಅದನ್ನ ಮುಟ್ಟಿದ್ರ ನಾಳಿಂದ ನಾ ಒಲಿ ಮುಂದ ಕುಂದ್ರಾಂಗಿಲ್ಲ. ನೀವ ಬಡಕೋರಿ ರೊಟ್ಟಿ.” ತೊಂಬತ್ತೊಂಬತ್ತು ಯಾವುದೋ ವಿಮೆಯದು. ಅದು ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ. ಬಂದ್ ಮಾಡಲು ಹೋದರೆ ಆ ಆ್ಯಪು ಏಳು ಪ್ರಶ್ನೆ ಕೇಳಿತು, ಕೊನೆಗೆ ‘ನಿಮ್ಮನ್ನು ಕಳೆದುಕೊಳ್ಳಲು ಬೇಸರವಾಗಿದೆ’ ಎಂದಿತು.

“ಅದಕ್ಕ ಬ್ಯಾಸರ ಬಂದೈತಂತ. ನಮಗ ಬಂದದ್ದು ಯಾರ್ ಕೇಳ್ತಾರ?” ಎಂದಳು ವಿದ್ಯಾ.

ಒಂದು ಗಂಟೆಯ ಜಗಳದ ನಂತರ ವಿಮೆ ಮತ್ತು ಕುದುರೆ ಹೋದವು. ಕ್ರಿಕೆಟ್ ಉಳಿಯಿತು, ಹಾಡು ಉಳಿಯಿತು, ಡಿಶ್ ಉಳಿಯಿತು. ಇನ್ನು ಫೋನುಗಳ ರೀಚಾರ್ಜು. ಮನೆಯಲ್ಲಿ ಐದು ನಂಬರುಗಳಿದ್ದವು. ನಾಲ್ಕನ್ನು ನಾಲ್ವರು ಬಳಸುತ್ತಿದ್ದರು. ಐದನೆಯದು ಗುಂಡಿ ಒತ್ತುವ ಹಳೆಯ ಫೋನು. ಫಕೀರವ್ವನ ಕಂಬಳಿಯ ಪಕ್ಕದ ಮೊಳೆಗೆ ಬಟ್ಟೆಯ ಚೀಲದಲ್ಲಿ ತೂಗುತ್ತಿತ್ತು. ಅದಕ್ಕೂ ಇಪ್ಪತ್ತೆಂಟು ದಿನಕ್ಕೊಮ್ಮೆ ನೂರ ಎಂಬತ್ತೊಂಬತ್ತು ತಾನಾಗಿಯೇ ಕಡಿತವಾಗುತ್ತಿತ್ತು.

ವಿದ್ಯಾ ಚೀಲದಿಂದ ಫೋನು ತೆಗೆದು ಗುಂಡಿ ಒತ್ತಿ ನೋಡಿದಳು.

“ಆಯಿ, ಏಪ್ರಿಲ್‌ದಿಂದ ಒಂದ ಫೋನ್ ಬಂದಿಲ್ಲ ಇದಕ್ಕ.”

“ಈಗ ಹೆಂಗ ಬರ್ತಾವ? ಸುಗ್ಗಿ ಮುಗದ ಮ್ಯಾಲ ಬರ್ತಾವ.”

ಅದು ನಿಜ. ಹತ್ತರಗಿ, ಕಣಗಲಾ ಕಡೆಯ ರೈತರು ಸುಗ್ಗಿ ಮುಗಿದ ಮೇಲೆ ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಹಿಕ್ಕೆ, ಗಂಜಳ ಬಿದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ. ಕುರಿ ನಿಂತ ಒಂದೊಂದು ರಾತ್ರಿಗೆ ಸಾವಿರ ರೂಪಾಯಿ, ಒಂದೊಂದು ಹೊಲಕ್ಕೆ ಒಂದು ಚೀಲ ಜೋಳ. ಅವರೆಲ್ಲರ ಮೊಬೈಲಿನಲ್ಲಿ ಈ ನಂಬರು ‘ಕುರಿ ಮಮದಾಪುರ’ ಎಂದಿತ್ತು. ಕರೆಪ್ಪ ಇರುವ ಅಡವಿಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲವಾದ್ದರಿಂದ ಈ ಫೋನು ಮನೆಯಲ್ಲೇ ಇರುತ್ತಿತ್ತು. ಕರೆ ಬಂದರೆ ಫಕೀರವ್ವ ದನಿಯಿಂದಲೇ ಗುರುತು ಹಿಡಿದು ಮಾತಾಡಿ, ಕರಿ ಉಣ್ಣೆಯ ದಾರದಲ್ಲಿ ಒಂದು ಗಂಟು ಹಾಕುತ್ತಿದ್ದಳು. ಮೊದಲ ಗಂಟು ಮೊದಲ ಹೊಲ. ದಾರ ತುಂಬಿದ ಮೇಲೆ ಕರೆಪ್ಪ ಬಂದು, ಅವಳ ಬಾಯಿಂದ ಗಂಟಿಗೊಂದು ಹೆಸರು ಕೇಳಿಕೊಂಡು ಮಂದೆ ಹೊಡೆದುಕೊಂಡು ಹೋಗುತ್ತಿದ್ದ.

“ಆ ಮಂದಿ ನಂಬರ್ ಕೊಡು. ಸುಗ್ಗಿ ಹೊತ್ತಿಗೆ ನಾನ ನನ್ನ ಫೋನಿಂದ ಹಚ್ಚತೇನಿ” ಎಂದಳು ವಿದ್ಯಾ.

“ನಾವಾಗಿ ಹಚ್ಚಬಾರ್ದು.”

“ಯಾಕ?”

“ಹೊಲದವ್ರು ಕರೀಬೇಕು, ನಾವು ಹೋಗಬೇಕು. ನಾವಾಗಿ ಕೇಳಾಕ ಹೋದ್ರ, ಕುರಿ ನಿಂದ್ರಸಾಕ ಇವ್ರಿಗೆ ಜಾಗಾ ಇಲ್ಲ ಅಂತಾರ. ಅರ್ಧಾ ರೇಟಿಗೆ ಇಳಸ್ತಾರ. ನಿಮ್ಮಜ್ಜ ಇದ್ದಾಗಿಂದ ಹಿಂಗ.”

“ಅಜ್ಜ ಇದ್ದಾಗ ರೀಚಾರ್ಜ್ ಇರ್ಲಿಲ್ಲ.”

“ಅತ್ತಿ, ಹಟಾ ಮಾಡಬ್ಯಾಡ್ರಿ. ಸುಗ್ಗಿ ಬರೂ ಮುಂದ ಮತ್ತ ಹಾಕ್ಸಿದ್ರಾತು. ಆರ ತಿಂಗಳ ಸುಮ್ಮ ಯಾಕ್ ರೊಕ್ಕಾ ಸುರಿಯೂದು?” ಎಂದಳು ವಿಜಯಲಕ್ಷ್ಮಿ.

“ನಿನ್ನ ಹಾಡಿಗೆ ಸುರೀತಿ.”

“ಆತು, ನನ್ನ ಹಾಡಿಗೇ ಬರ್ರಿ ಎಲ್ಲಾರೂ.”

ಫಕೀರವ್ವ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಹಲ್ಲಿಲ್ಲ, ಕೂಗಾಡಲು ದಮ್ಮಿಲ್ಲ. ಕೂಗಾಡಿದವರದೆಲ್ಲ ಉಳಿದಿತ್ತು. ವಿದ್ಯಾ ಹಾಳೆಯಲ್ಲಿ ನೂರ ಎಂಬತ್ತೊಂಬತ್ತರ ಮೇಲೆ ಗೆರೆ ಎಳೆದಳು.

ಆಗಸ್ಟಿನಲ್ಲಿ ಕೋಟು ಬಂತು. ತೋಳು ಸ್ವಲ್ಪ ಉದ್ದವಾಗಿತ್ತು, ಮಡಚಿ ಹಾಕಿಕೊಂಡಳು. ಲ್ಯಾಬಿನೊಳಗೆ ಹೋಗಿ ರಕ್ತದ ಗುಂಪು ನೋಡುವುದನ್ನು ಕಲಿತಳು. ಮನೆಯವರೆಲ್ಲರ ಬೆರಳು ಚುಚ್ಚಿದಳು. ಯಲ್ಲೇಶ ಚೀರಿದ.

ಸೆಪ್ಟೆಂಬರಿನಲ್ಲಿ ಕರೆಪ್ಪ ಹಿಟ್ಟು, ಖಾರಪುಡಿ ಒಯ್ಯಲು ಒಂದು ದಿನದ ಮಟ್ಟಿಗೆ ಬಂದ.

“ಕುರಿ ಫೋನ್ ಬಂದ್ ಮಾಡ್ಯಾರ ನೋಡು” ಎಂದಳು ಫಕೀರವ್ವ.

ಕರೆಪ್ಪನ ಬಾಯಿ ತುಂಬ ರೊಟ್ಟಿಯಿತ್ತು. “ಸುಗ್ಗಿಗೆ ಚಾಲೂ ಇದ್ರ ಸಾಕ ಬಿಡು” ಎಂದ. ಆಮೇಲೆ ಮಗಳ ಕೋಟು ತರಿಸಿ ನೋಡಿದ. “ಮುಂದಿನ ವರ್ಷದ ಫೀ ಎಷ್ಟು?”

“ಹದಿನೆಂಟ ಸಾವಿರ. ಜೂನ್ ಹತ್ತರೊಳಗ ಕಟ್ಟಬೇಕು. ಇಲ್ಲಂದ್ರ ಹೆಸರ ತಗೀತಾರ.”

“ಈ ಸಲ ಹೊಲದ ರೊಕ್ಕ ಕೈಗೆ ಬಂದ ಕೂಡ್ಲೆ ಮೊದಲು ನಿನಗ. ಬ್ಯಾರೆ ಯಾರಿಗೂ ಇಲ್ಲ.”

ಯಲ್ಲೇಶ ಕುದುರೆ ಆಟಕ್ಕೆ ಮತ್ತೆ ಸೇರಿದ. ಮೊದಲ ವಾರ ಒಂದೇ ರೂಪಾಯಿ ಎಂದು ಮೆಸೇಜು ಬಂದಿತ್ತಂತೆ. ಅಕ್ಟೋಬರ್ ಕೊನೆಗೆ ಎಂಬತ್ತೊಂಬತ್ತು ಮತ್ತೆ ಕಡಿತವಾಗತೊಡಗಿತು. ವಿದ್ಯಾ ಅವನ ಬೈಕಿನ ಕೀಲಿ ಅಡಗಿಸಿಟ್ಟಳು. ಅವನು ಒಂದು ದಿನ ಮೂಡಲಗಿಗೆ ಟೆಂಪೋದಲ್ಲಿ ಹೋದ, ಎರಡನೆಯ ದಿನ ಕೀಲಿ ಹುಡುಕಿಕೊಂಡ.

ದೀಪಾವಳಿಗೆ ಮನೆ ಸಾರಿಸುವಾಗ ಓಣಿಯಲ್ಲಿ ಹಳೆ ಮೊಬೈಲ್ ಕೊಡಿ, ಬಕೆಟ್ ತಗೊಳ್ಳಿ ಎಂದು ಮೈಕು ಕೂಗುತ್ತ ಬೈಕೊಂದು ಬಂತು. ವಿಜಯಲಕ್ಷ್ಮಿ ಮೊಳೆಯಲ್ಲಿದ್ದ ಫೋನು ಕೊಟ್ಟು ನೀಲಿ ಬಕೆಟ್ ತೆಗೆದುಕೊಂಡಳು. ಸಿಮ್ಮನ್ನು ಮರೆಯದೆ ತೆಗೆಸಿ ಅತ್ತೆಯ ಕೈಗೆ ಕೊಟ್ಟಳು.

“ಸಿಮ್ ಇದ್ರ ಆತ್ರಿ, ಎಲ್ಲಾ ಇದರಾಗ ಇರತೈತಿ.”

ಫಕೀರವ್ವ ಅದನ್ನು ಎಲೆ ಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಳು.

ಸಂಕ್ರಾಂತಿ ಮುಗಿದ ಮರುದಿನ ಅವಳು ಸಿಮ್ಮನ್ನು ಮೊಮ್ಮಗಳ ಮುಂದೆ ಹಿಡಿದಳು. “ಚಾಲೂ ಮಾಡ್ಸು.”

“ಪರೀಕ್ಷಾ ಅದಾವು ಆಯಿ. ಮುಂದಿನ ವಾರ.”

ಮುಂದಿನ ವಾರವೂ ಕೇಳಿದಳು. ನಂತರದ ವಾರ ದಿನಕ್ಕೆರಡು ಸಲ ಕೇಳಿದಳು. ವಿದ್ಯಾ ಫೆಬ್ರವರಿ ಐದರಂದು ಕಾಲೇಜಿನಿಂದ ಬರುವಾಗ ಗೋಕಾಕದ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋದಳು. ಅಂಗಡಿಯವನು ಸಿಮ್ಮನ್ನು ತನ್ನ ಫೋನಿಗೆ ಹಾಕಿ ನೋಡಿ, ತೆಗೆದು, ಮತ್ತೆ ಹಾಕಿದ.

“ಇದು ಸತ್ತೈತಿ ತಂಗಿ. ಒಳಗ ಒಬ್ಬರ ನಂಬರೂ ಇಲ್ಲ. ಎಷ್ಟ್ ದಿನಾ ಆತು ರೀಚಾರ್ಜ್ ಮಾಡಿ?”

“ಜುಲೈದಾಗ ಬಿಟ್ಟೇವಿ.”

“ಮೂರ ತಿಂಗಳ ಸುಮ್ಮ ಬಿಟ್ರ ನಂಬರ್ ಕಸಗೋತಾರ. ಬ್ಯಾರೇದವ್ರಿಗೆ ಕೊಟ್ಟಿರ್ತಾರ.”

“ನಮ್ಮ ನಂಬರ್ರಿ ಅದು. ಹದಿನಾರ ವರ್ಷದ್ದು.”

“ಹಚ್ಚಿ ನೋಡು ಬೇಕಾದ್ರ.”

ಅವಳು ಅಂಗಡಿಯ ಮೆಟ್ಟಿಲ ಮೇಲೆ ನಿಂತು ತನ್ನ ಫೋನಿನಿಂದ ತಮ್ಮದೇ ನಂಬರು ಒತ್ತಿದಳು. ಎರಡನೆಯ ರಿಂಗಿಗೆ ಒಬ್ಬ ಎತ್ತಿದ.

“ಕುರಿ ಬೇಕೇನ್ರಿ?” ಎಂದ ಅವನೇ ಮೊದಲು.

“ಆಂ?”

“ನಾ ಕುರಿಯವ ಅಲ್ರಿ! ಇಂಡಿ ಊರಾಗ ಮೊಬೈಲ್ ಕವರ್ ಮಾರಾಂವ. ಹದಿನೈದ ದಿನದಿಂದ ಜೀವಾ ತಿನ್ನಾಕತ್ತಾರ. ಒಬ್ಬಾಂವ ಯಾವಾಗ ಬರ್ತಿ ಅಂತಾನ, ಇನ್ನೊಬ್ಬಾಂವ ನಿಮ್ಮವ್ವಗ ಕೊಡು ಅಂತಾನ. ನಮ್ಮವ್ವಗ ಯಾಕ್ ಕೊಡ್ಲಿ ನಾ?”

ವಿದ್ಯಾ ವಿಷಯ ಹೇಳಿದಳು. ಅವನು ಕೇಳಿಸಿಕೊಂಡ. ಕೆಟ್ಟವನೇನಲ್ಲ, ರೋಸಿಹೋಗಿದ್ದ.

“ನನಗೇನ್ ಗೊತ್ತವ್ವಾ? ಬೈದು ಬ್ಲಾಕ್ ಮಾಡಿ ಅಳಿಸಿ ಹಾಕೇನಿ. ನಿನ್ನೆ ಮೊನ್ನೆ ಬಂದಾವು ಮೂರ ಅದಾವ. ಬೇಕಾದ್ರ ಕಳಸ್ತೇನಿ.”

“ಒಟ್ಟ ಎಷ್ಟ್ ಮಂದಿಗೆ ಬೈದಿರ್ರಿ?”

“ಎಣಸೇನೇನ? ಹತ್ತು ಹನ್ನೊಂದು ಇರಬೇಕು.”

ಮನೆಗೆ ಬಂದಾಗ ಫಕೀರವ್ವ ಹೊಸ ದಾರ ಹೊಸೆದು ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ವಿದ್ಯಾ ಮೂರು ನಂಬರು ತೋರಿಸಿದಳು. ಮುದುಕಿಗೆ ಅಂಕಿ ಓದಲು ಬರುತ್ತಿರಲಿಲ್ಲ.

“ದನಿ ಕೇಳ್ಸು” ಎಂದಳು.

ಅವತ್ತು ಫಕೀರವ್ವ ಮೊದಲ ಸಲ ತಾನಾಗಿ ಫೋನು ಹಚ್ಚಿಸಿದಳು. ಮೂವರೂ ಮಾತಾಡಿದರು. ಮೂವರೂ ಅವಳ ಆರೋಗ್ಯ ವಿಚಾರಿಸಿದರು. ನೀವಾಗಿಯೇ ಕೇಳುತ್ತಿದ್ದೀರಿ ಅಂದಮೇಲೆ ಒಂದು ರಾತ್ರಿಗೆ ಆರುನೂರು ಕೊಡುತ್ತೇವೆ, ಜೋಳ ಈ ಸಲ ಆಗುವುದಿಲ್ಲ ಎಂದರು. ಅವಳು ಮೂರು ಗಂಟು ಹಾಕಿದಳು.

ಎರಡು ದಿನದ ಮೇಲೆ ಕರೆಪ್ಪ ಬಂದ. ಅಂಗಳದಲ್ಲಿ ನಿಂತೇ ಎಲ್ಲ ಕೇಳಿದ.

“ಆ ಹಳೇ ಫೋನಿನ್ಯಾಗರ ಅವ್ರ ನಂಬರ್ ಇರ್ತಿದ್ದುವು. ತರ್ರಿ ಅದನ್ನ.”

ವಿಜಯಲಕ್ಷ್ಮಿ ಬಚ್ಚಲ ಕಡೆ ನೋಡಿದಳು. ನೀಲಿ ಬಕೆಟ್ ಅಲ್ಲಿತ್ತು. ಕರೆಪ್ಪ ಅದನ್ನು ಒದ್ದ. ಬಕೆಟ್ ಸೀಳಿತು.

“ನಾ ಸಿಮ್ ತಗದಿಟ್ಟಿದ್ದೆ. ಚಾಲೂ ಮಾಡ್ಸಾಕ ತಡಾ ಮಾಡಿದಾಕಿ ನಿಮ್ಮ ಮಗಳು” ಎಂದಳು ವಿಜಯಲಕ್ಷ್ಮಿ.

“ನಾ ಸಂಕ್ರಾಂತಿಗೆ ಮಾಡ್ಸಿದ್ರೂ ನಂಬರ್ ಹೋಗೇ ಇತ್ತು” ಎಂದಳು ವಿದ್ಯಾ.

“ಬಂದ್ ಮಾಡಂದಾಂವ ಯಾರು?”

“ನೀನೂ ಹೂಂ ಅಂದಿ ಅಪ್ಪಾ. ರೊಟ್ಟಿ ತಿನ್ನಕೋತ ಅಂದಿ.”

ಯಲ್ಲೇಶ ಮೊಬೈಲಿನಿಂದ ತಲೆ ಎತ್ತಿದ. “ನಾ ಅಂತೂ ಏನೂ ಅಂದಿಲ್ಲ.”

“ಎರಡನೂರ ತೊಂಬತ್ತೊಂಬತ್ತು ಉಳಿಸ್ಕೊಂಡ ಕುಂತಿದ್ದಿ ನೀ. ಸುಮ್ಮನಿರು” ಎಂದಳು ವಿದ್ಯಾ.

ಮರುದಿನ ಬೆಳಿಗ್ಗೆ ಅಪ್ಪ ಮಗಳು ಯಲ್ಲೇಶನ ಬೈಕು ತೆಗೆದುಕೊಂಡು ಹುಕ್ಕೇರಿ ಕಡೆ ಹೋದರು. ಹತ್ತರಗಿಯಲ್ಲಿ ನಾಲ್ಕು ಹೊಲ ನೋಡಿದರು. ಎರಡರಲ್ಲಿ ಬೇರೆಯವರ ಕುರಿ ನಿಂತಿದ್ದವು, ಒಂದರಲ್ಲಿ ಆಗಲೇ ಗೊಬ್ಬರ ಹರಡಿತ್ತು, ನಾಲ್ಕನೆಯದರ ಮಾಲೀಕ ಮನೆಯಲ್ಲಿದ್ದೂ ಇಲ್ಲವೆನಿಸಿದ. ಹೆದ್ದಾರಿ ಹಿಡಿದು ಕಣಗಲಾಕ್ಕೆ ಹೋದರು. ಅಲ್ಲಿಯ ಶಿದ್ಲಿಂಗಪ್ಪ ಹನ್ನೆರಡು ವರ್ಷದಿಂದ ಕರೆಯುತ್ತಿದ್ದವನು. ಅವನದೇ ಎಲ್ಲಕ್ಕಿಂತ ದೊಡ್ಡ ಹೊಲ, ವರ್ಷಕ್ಕೆ ಒಂಬತ್ತು ರಾತ್ರಿ. ಅವನು ಕಟ್ಟೆಯ ಮೇಲೆ ಕುಳಿತೇ ಇದ್ದ. ಬಾ ಎನ್ನಲಿಲ್ಲ. ಅವನ ಹೆಂಡತಿ ತಾಯವ್ವ ಮಾತ್ರ ನೀರು ತಂದಿಟ್ಟಳು.

“ಎಷ್ಟ್ ಸಲ ಹಚ್ಚಬೇಕೋ ಕರೆಪ್ಪ? ನಾಕ್ ಸಲ ಹಚ್ಚೇನಿ. ನಾಕನೇ ಸಲಕ್ಕ ಯಾವನೋ ನಮ್ಮವ್ವನ ಮ್ಯಾಲ ಬೈದ.”

“ಅದು ನಾವ್ ಅಲ್ರಿ ಸಾವಕಾರ. ನಂಬರ್ ಹೋಗೇತ್ರಿ.”

“ನಂಬರ್ ಹೆಂಗ ಹೋಗತೈತಿ? ಎಮ್ಮಿ ಏನದು, ಹಗ್ಗ ಹರಕೊಂಡ ಹೋಗಾಕ?”

“ರೀಚಾರ್ಜ್ ಮಾಡ್ಸಿರ್ಲಿಲ್ರಿ” ಎಂದಳು ವಿದ್ಯಾ.

ಶಿದ್ಲಿಂಗಪ್ಪ ಅವಳನ್ನು ಈಗ ನೋಡಿದ. “ಎಷ್ಟದು ರೀಚಾರ್ಜ್?”

“ನೂರಾ ಎಂಬತ್ತೊಂಬತ್ರಿ.”

ಅವನು ನಗಲಿಲ್ಲ. ತಾಯವ್ವ ನಕ್ಕಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹೊಲ ಬ್ಯಾರೇದವ್ರಿಗೆ ಹೇಳೇನಿ. ಮೂರ ವರ್ಷದ ಮಾತ ಕೊಟ್ಟೇನಿ ಅವ್ರಿಗೆ. ಮಾತ ಅಂದ್ರ ಮಾತ” ಎಂದ ಶಿದ್ಲಿಂಗಪ್ಪ.

“ಅವ್ರ ಹೋದ ಮ್ಯಾಲ ಎರಡ ರಾತ್ರಿ...”

“ಕರೆಪ್ಪ, ನೀ ಕೇಳಬ್ಯಾಡೋ. ನೀ ಕೇಳೂದು ನನಗ ನೋಡಾಕ ಆಗವಲ್ದು.”

ವಾಪಸು ಬರುವಾಗ ಕರೆಪ್ಪ ಒಂದು ಚಹಾದಂಗಡಿಯ ಮುಂದೆ ಬೈಕು ನಿಲ್ಲಿಸಿದ. ಒಂದೇ ಚಹಾ ಹೇಳಿ ಮಗಳಿಗೆ ಕೊಟ್ಟ.

“ನಿನ್ನ ಹಾಳ್ಯಾಗ ಎಷ್ಟ್ ಉಳದೈತಿ?”

“ಫೋನಿಂದು ಸಾವಿರದ ಮುನ್ನೂರ ಇಪ್ಪತ್ಮೂರು.”

“ಹಾಂ” ಎಂದ ಕರೆಪ್ಪ.

ಹೊಲ ಇಲ್ಲದ ಕುರಿಗಳಿಗೆ ಮೇವು ಬೇಕಾಯಿತು. ಮಾರ್ಚಿನಲ್ಲಿ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ರವದಿ ಮೇಯಿಸಲು ಹೊಲದವರಿಗೆ ಕರೆಪ್ಪನೇ ಹಣ ಕೊಟ್ಟ. ಅದಕ್ಕಾಗಿ ಸಂತೆಯಲ್ಲಿ ಕುರಿ ಮಾರಿದ, ಮೊದಲು ನಾಲ್ಕು, ಏಪ್ರಿಲ್‌ನಲ್ಲಿ ಐದು. ಆ ಹಣವೂ ಮೂರು ಹೊಲದ ಹಣವೂ ಮೇವಿಗೇ ಮುಗಿಯಿತು, ಉಳಿದವು ಮರಿ ಹಾಕುವ ಕುರಿಗಳು, ಮಾರುವಂತಿರಲಿಲ್ಲ. ವಿಜಯಲಕ್ಷ್ಮಿ ತನ್ನ ಹಾಡು ಬಂದ್ ಮಾಡಿಸಿದಳು. ಶಂಕ್ರವ್ವ ಫೋನು ಮಾಡಿ, “ಹಾಡ ಯಾಕ್ ಹೋತು?” ಎಂದು ಕೇಳಿದಾಗ ಹತ್ತು ನಿಮಿಷ ಬೈದಳು. ಯಲ್ಲೇಶ ಐಪಿಎಲ್ ಮುಗಿದ ಮೇಲೆ ಕ್ರಿಕೆಟ್ ಬಿಡುತ್ತೇನೆಂದ. ಐಪಿಎಲ್ ಮುಗಿಯಿತು. ಜೂನ್ ಎರಡರಂದು ತಾಯಿಯ ಖಾತೆಯಲ್ಲಿ ಎರಡು ನೂರ ತೊಂಬತ್ತೊಂಬತ್ತು ಮತ್ತೆ ಕಡಿತವಾಯಿತು.

ವಿದ್ಯಾ ಕಾಲೇಜಿಗೆ ಹೋಗಿ ಫೀ ಕಟ್ಟಲು ಒಂದು ತಿಂಗಳ ಅವಧಿ ಕೇಳಿದಳು. ಕ್ಲಾರ್ಕು ಅರ್ಜಿ ಬರೆಸಿಕೊಂಡ, ಮುದ್ರೆ ಒತ್ತಿದ, ಹನ್ನೊಂದನೆಯ ತಾರೀಖು ಹೆಸರು ತೆಗೆದ. ಮುಂದಿನ ವರ್ಷ ಮತ್ತೆ ಸೇರಬಹುದು, ಮರುಪ್ರವೇಶಕ್ಕೆ ಬೇರೆ ಶುಲ್ಕವಿದೆ ಎಂದ.

ಸಂಜೆ ಅವಳು ಕೋಟು ತೊಳೆದು ಹಗ್ಗಕ್ಕೆ ಹಾಕಿ, ಅಜ್ಜಿಯ ಪಕ್ಕ ಕುಳಿತಳು. ಫಕೀರವ್ವ ಹೋದ ವರ್ಷದ ದಾರವನ್ನೂ ಈ ವರ್ಷದ್ದನ್ನೂ ಮೊಣಕಾಲ ಮೇಲೆ ಅಕ್ಕಪಕ್ಕ ಹಾಸಿದಳು. ಒಂದರಲ್ಲಿ ಹದಿನಾಲ್ಕು ಗಂಟು, ಇನ್ನೊಂದರಲ್ಲಿ ಮೂರು.

“ಹೋಗಿದ್ದು ಬರಕೋ” ಎಂದಳು.

ವಿದ್ಯಾ ಅದೇ ಹಾಳೆ ತೆಗೆದು ಬರೆದಳು. ಹೊಲ ಹನ್ನೊಂದು. ರಾತ್ರಿ ನಲವತ್ತೆರಡು. ಜೋಳ ಹದಿನಾಲ್ಕು ಚೀಲ. ಕುರಿ ಒಂಬತ್ತು. ಕಾಲೇಜು ಒಂದು ವರ್ಷ.